ಕಾಣದ ಬೆಲ್ಟಿಗೆ ಖರ್ಚು ಮಾಡಬೇಕೆ?



ಹಳೆಯ ಕಾರೊಂದು ನಿಮ್ಮ ಮನೆಗೆ ಬಂದ ದಿನವನ್ನು ಸ್ವಲ್ಪ ನೆನಪಿಸಿಕೊಳ್ಳಿ. ನೀವು ಸೀಟಿನ ಕವರು ಮುಟ್ಟಿ ನೋಡಿದಿರಿ, ಮಕ್ಕಳು ಹಾರ್ನ್ ಬಾರಿಸಿದರು, ಪಕ್ಕದ ಮನೆಗೆ ಸಿಹಿ ಹೋಯಿತು. ಬಾನೆಟ್ ಎತ್ತಿದವರು ಗಂಡಸರು. ಅವರೂ ಒಂದು ನಿಮಿಷ ಬಗ್ಗಿ ನೋಡಿ, "ಕ್ಲೀನ್ ಇದೆ" ಎಂದು ಮುಚ್ಚಿದರು. ನಮ್ಮ ಮನೆಯಲ್ಲಿ ಹೀಗೆಯೇ ಆಯಿತು.

ನನ್ನ ತಮ್ಮ ಜಮಖಂಡಿಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಾನೆ. ವಾರಕ್ಕೆರಡು ಸಲ ರಬಕವಿ-ಬನಹಟ್ಟಿಗೆ ಹೋಗಿ ಸೀರೆ ತರುವ ಕೆಲಸ. ಅದಕ್ಕೆ ಒಂದು ವ್ಯಾನ್ ಇದ್ದರೆ ಸಾಕಿತ್ತು. ಆದರೆ ವೇಗದ ಕಾರಿನ ಹುಚ್ಚು ಅವನಿಗೆ ಚಿಕ್ಕಂದಿನಿಂದಲೂ ಇದೆ. ಕಳೆದ ವರ್ಷ ಪುಣೆಯಿಂದ 2016ರ ಮಾದರಿಯ ಫಿಯಟ್ ಅಬಾರ್ತ್ ಪುಂಟೊ ತಂದ. ನೋಡಲು ಸಣ್ಣ ಕಾರು. ಒಳಗಿರುವುದು 1.4 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 145 ಅಶ್ವಶಕ್ತಿ. ನಮ್ಮ ಓಣಿಗಳಲ್ಲಿ ನಿಂತಿರುವ ಡೀಸೆಲ್ ಸ್ವಿಫ್ಟ್‌ಗಳಿಗೆ 75ರ ಆಸುಪಾಸು ಎಂದರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಅಮ್ಮಿಗೆ ಮಾತ್ರ ಫಿಯಟ್ ಎಂದರೆ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ. "ಅಷ್ಟು ದುಡ್ಡು ಕೊಟ್ಟು ಟ್ಯಾಕ್ಸಿ ತಂದೆಯಾ?" ಎಂದು ಕೇಳಿಬಿಟ್ಟರು.

ಈ ಮಾದರಿ ಭಾರತದಲ್ಲಿ ಮಾರಾಟಕ್ಕೆ ಬಂದದ್ದು 2015ರಲ್ಲಿ. 2019ರ ಹೊತ್ತಿಗೆ ಫಿಯಟ್ ಹೆಸರಿನ ಕಾರುಗಳ ಮಾರಾಟವೇ ನಮ್ಮ ದೇಶದಲ್ಲಿ ನಿಂತಿತು. ಹಾಗಾಗಿ ಇಂಥ ಕಾರು ಕೊಳ್ಳುವುದೆಂದರೆ ಹಳೆಯದನ್ನೇ ಕೊಳ್ಳಬೇಕು, ಅದರ ಹಿಂದಿನ ಚರಿತ್ರೆಯನ್ನೂ ಜೊತೆಗೆ ಕೊಂಡಂತೆ.

ಅದೇ ತಿಂಗಳು ತಮ್ಮನ ಹೆಂಡತಿಯ ಭಿಶಿ ಎದ್ದಿತು. ಮೂವತ್ತು ಸಾವಿರ ರೂಪಾಯಿ. ತಮ್ಮನ ಕಣ್ಣು ಅಲಾಯ್ ಚಕ್ರಗಳ ಮೇಲೆ. ಜೊತೆಗೆ ಕಂಪ್ಯೂಟರ್ ಹಚ್ಚಿ ಎಂಜಿನ್ನಿನ ಶಕ್ತಿಯನ್ನು ಇನ್ನಷ್ಟು ಏರಿಸುವ ಆಸೆ ಬೇರೆ. ಆದರೆ ಎಣ್ಣೆ ಬದಲಿಸಲು ಕಾರು ಒಯ್ದಾಗ, ಮುಧೋಳದ ಕಡೆಯ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ನಮ್ಮ ಪರಿಚಯದ ಚಾಚಾ ಒಂದೇ ಪ್ರಶ್ನೆ ಕೇಳಿದ್ದರು: "ಇದರ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗೈತಿ?" ಮಾರಿದವರು "ಎಲ್ಲ ಮಾಡಿಸಿದ್ದೇನೆ" ಎಂದಿದ್ದರು. ಬಿಲ್ಲು? ಇರಲಿಲ್ಲ.

ಮನೆಯಲ್ಲಿ ಚರ್ಚೆ ಶುರುವಾಯಿತು. ಎದುರುಮನೆಯವರು, "ನಮ್ಮ ಸ್ವಿಫ್ಟ್ ಎರಡು ಲಕ್ಷ ಓಡಿದೆ, ಯಾವ ಬೆಲ್ಟೂ ಇಲ್ಲ, ಪಟ್ಟಾನೂ ಇಲ್ಲ. ಇದೆಲ್ಲ ಗ್ಯಾರೇಜಿನವರ ಆಟ" ಎಂದರು. ತಮಾಷೆ ನೋಡಿ, ಆ 1.3 ಲೀಟರ್ ಡೀಸೆಲ್ ಎಂಜಿನ್ ಕೂಡ ಮೂಲದಲ್ಲಿ ಫಿಯಟ್ ಕಂಪೆನಿಯದೇ. ಆದರೆ ಅದರಲ್ಲಿ ಉಕ್ಕಿನ ಸರಪಳಿ ಇದೆ. ತಮ್ಮನ ಎಂಜಿನ್ನಿನಲ್ಲಿ ಅದೇ ಕೆಲಸಕ್ಕೆ ಹಲ್ಲುಗಳಿರುವ ರಬ್ಬರ್ ಬೆಲ್ಟು. ಎದುರುಮನೆಯವರ ಅನುಭವ ಸುಳ್ಳಲ್ಲ, ಅದು ಬೇರೊಂದು ಎಂಜಿನ್ನಿನ ಅನುಭವ, ಅಷ್ಟೇ.

ಈ ಬೆಲ್ಟಿನ ಕೆಲಸವೇನು? ಎಂಜಿನ್ನಿನೊಳಗೆ ಪಿಸ್ಟನ್‌ಗಳು ಮೇಲೆ ಕೆಳಗೆ ಓಡುತ್ತಿರುತ್ತವೆ. ಅವುಗಳ ಮೇಲ್ಗಡೆ ಗಾಳಿ ಒಳಗೆ ಬರಲು, ಹೊಗೆ ಹೊರಗೆ ಹೋಗಲು ವಾಲ್ವ್‌ಗಳೆಂಬ ಸಣ್ಣ ಬಾಗಿಲುಗಳು, ಈ ಕಾರಿನಲ್ಲಿ 16. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ಬಾಗಿಲು ಮುಚ್ಚಿರಬೇಕು. ಮುಳ್ಳು ಮೂರು ಸಾವಿರದಲ್ಲಿರುವಾಗ ಒಂದೊಂದು ಬಾಗಿಲೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಈ ತಾಳ ತಪ್ಪದಂತೆ ಕೆಳಗಿನ ಚಕ್ರವನ್ನೂ ಮೇಲಿನ ಚಕ್ರವನ್ನೂ ಕಟ್ಟಿಹಾಕಿರುವುದು ಆ ಒಂದು ಬೆಲ್ಟು. ಅದು ಹರಿದರೆ ಮೇಲಿನ ಬಾಗಿಲುಗಳು ಇದ್ದಲ್ಲೇ ನಿಲ್ಲುತ್ತವೆ, ಕೆಲವು ತೆರೆದೇ ಇರುತ್ತವೆ. ಕೆಳಗಿನ ಪಿಸ್ಟನ್‌ಗಳು ಮಾತ್ರ ಓಡಿದ ಭರದಲ್ಲಿ ಬಂದು ಗುದ್ದುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ವಾಲ್ವ್‌ಗಳು ಬಾಗಿಹೋಗುತ್ತವೆ.

"ಹರಿದಾಗ ಹಾಕಿಸಿದರಾಯಿತು" ಎಂಬ ಮಾತು ನಮ್ಮಲ್ಲಿ ಹುಟ್ಟಿದ್ದು ಹಿಟ್ಟಿನ ಗಿರಣಿಯಿಂದ, ಮಗ್ಗದಿಂದ. ಬನಹಟ್ಟಿಯ ವಿದ್ಯುತ್ ಮಗ್ಗದ ಬೆಲ್ಟು ಹರಿದರೆ ಮಗ್ಗ ನಿಲ್ಲುತ್ತದೆ, ಹೊಸದು ಹಾಕಿದರೆ ಮತ್ತೆ ಓಡುತ್ತದೆ. ನಷ್ಟ ಒಂದು ಬೆಲ್ಟು, ಅರ್ಧ ದಿನದ ಕೂಲಿ. ಅಲ್ಲಿ ಆ ಲೆಕ್ಕ ಸರಿ. ತಾನು ಹರಿಯುವಾಗ ಎಂಜಿನ್ನನ್ನೇ ಜೊತೆಗೆ ಕರೆದೊಯ್ಯುವ ಬೆಲ್ಟಿಗೆ ಆ ಲೆಕ್ಕ ಹಿಡಿಯುವುದಿಲ್ಲ. ಚಾಚಾ ಹೇಳಿದ ಅಂದಾಜಿನಲ್ಲಿ ಬೆಲ್ಟು, ಅದನ್ನು ಬಿಗಿಹಿಡಿಯುವ ಟೆನ್ಷನರ್, ಅದರಿಂದಲೇ ತಿರುಗುವ ವಾಟರ್ ಪಂಪು, ಕೂಲಿ ಎಲ್ಲ ಸೇರಿ 28,000 ರೂಪಾಯಿ. ಹರಿದ ಮೇಲಾದರೆ ಲಕ್ಷ ದಾಟುತ್ತದೆ, ಸಾಮಾನು ಹುಡುಕುತ್ತಾ ಕಾರು ಎಷ್ಟು ದಿನ ಶೆಡ್ಡಿನಲ್ಲಿ ನಿಲ್ಲುವುದೋ.

ತಮ್ಮನ ವಾದ ಇನ್ನೊಂದಿತ್ತು. "ಆಪಾ, ಓಡಿರುವುದೇ ಅರವತ್ತೆರಡು ಸಾವಿರ ಕಿಲೋಮೀಟರ್. ಸದ್ದೂ ಇಲ್ಲ, ಏನೂ ಇಲ್ಲ."

ಅವನಿಗೆ ಉತ್ತರ ಕೊಟ್ಟದ್ದು ಅವನ ಹೆಂಡತಿ. ಅಡುಗೆಮನೆಯಿಂದಲೇ, "ಗ್ಯಾಸಿನ ಪೈಪು ಎಷ್ಟು ಕಿಲೋಮೀಟರ್ ಓಡಿದೆ ಅಂತ ಬದಲಾಯಿಸಿದಿರಿ?" ಎಂದಳು. ನಮಗೆಲ್ಲ ನಗು ಬಂತು, ಆದರೆ ಮಾತು ಸರಿಯಾಗಿತ್ತು. ಒಲೆಯ ಕಿತ್ತಳೆ ಬಣ್ಣದ ಪೈಪನ್ನು ಐದು ವರ್ಷಕ್ಕೆ ಬದಲಾಯಿಸಿ ಎನ್ನುತ್ತಾರೆ, ನೀವು ದಿನಕ್ಕೆ ಒಂದು ಹೊತ್ತು ಅಡುಗೆ ಮಾಡಿದರೂ ಸರಿ, ಮೂರು ಹೊತ್ತು ಮಾಡಿದರೂ ಸರಿ. ರಬ್ಬರಿಗೆ ವಯಸ್ಸಾಗುತ್ತದೆ. ನಮ್ಮ ಸೀಮೆಯ ಬಿಸಿಲಿನಲ್ಲಿ ಎಂಜಿನ್ನಿನ ಕಾವೂ ಸೇರಿದರೆ ಕೇಳಬೇಕೆ? ಅದಕ್ಕೇ ಟೈಮಿಂಗ್ ಬೆಲ್ಟಿಗೆ ಕಿಲೋಮೀಟರಿನ ಲೆಕ್ಕದ ಜೊತೆ ವರ್ಷದ ಲೆಕ್ಕವನ್ನೂ ನೋಡಬೇಕು, ಯಾವುದು ಮೊದಲು ತುಂಬುತ್ತದೋ ಅದೇ ಗಡುವು. ಒಂದೊಂದು ಎಂಜಿನ್ನಿಗೆ ಒಂದೊಂದು ಗಡುವು ಇರುವುದರಿಂದ ಕಾರಿನ ಪುಸ್ತಕ ನೋಡುವುದೇ ದಾರಿ. ಬಿಲ್ಲಿಲ್ಲದ ಹಳೆಯ ಕಾರಿನಲ್ಲಿ ಬೆಲ್ಟು ಬದಲಾಗಿಲ್ಲ ಎಂದೇ ತಿಳಿಯಬೇಕು. ಮೀಟರಿನ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ, ಅದನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಇನ್ನು ಸದ್ದಿನ ಮಾತು. ಟೆನ್ಷನರಿನ ಬೇರಿಂಗು ಸವೆದರೆ ಕೆಲವೊಮ್ಮೆ ಸದ್ದು ಮಾಡೀತು, ಬೆಲ್ಟು ಮಾತ್ರ ಹೇಳಿ ಹರಿಯುವುದಿಲ್ಲ.

ನನಗೆ ಹಣಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಬೇರೆಯದಕ್ಕೆ. ಅವಳ ತವರು ಬೀಳಗಿ. ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೊತ್ತು ಆ ದಾರಿಯಲ್ಲಿ ಬರುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಹಿಂದೆ ಒಂದು ದೀಪವೂ ಇರುವುದಿಲ್ಲ. ಅಂಥದ್ದನ್ನು ದಾಟುತ್ತಿರುವಾಗ ಎಂಜಿನ್ ನಿಂತರೆ? ನಿಂತ ಎಂಜಿನ್ನಿನ ಕಾರಿನಲ್ಲಿ ಬ್ರೇಕು ಒಂದೆರಡು ಸಲ ಒತ್ತಿದ ಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟಿಯರಿಂಗೂ ಭಾರವಾಗಬಹುದು. ಇದನ್ನು ಗಾಡಿ ಓಡಿಸದ ಸಹೋದರಿಯರೂ ತಿಳಿದಿರಲಿ. ಅಂಥ ಹೊತ್ತಿನಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಒಂದೇ ಸಮ ಒತ್ತಿಹಿಡಿದು ಬದಿಗೆ ತರಬೇಕು.

ತಮ್ಮ ಕೊನೆಗೊಂದು ಉಪಾಯ ಹೂಡಿದ. "ಒಂದು ವರ್ಷ ಹೀಗೇ ಓಡಿಸಿ ಮಾರಿಬಿಡುತ್ತೇನೆ." ಅಮ್ಮಿ ತಸ್ಬೀಹ್ ಕೆಳಗಿಟ್ಟು, "ಕೊಳ್ಳುವವನಿಗೆ ಹೇಳಿ ಮಾರುತ್ತೀಯೋ, ಹೇಳದೆಯೋ?" ಎಂದರು. ಮಾಲಿನ ಐಬು ಮುಚ್ಚಿ ಮಾರುವುದು ಸಲ್ಲದು ಎಂದು ನಾನು ಮದರಸದಲ್ಲಿ ಕಲಿತದ್ದನ್ನು ಅಮ್ಮಿ ಯಾವ ಕಿತಾಬೂ ಓದದೆ ಕೇಳಿದ್ದರು. ಹೇಳಿ ಮಾರಿದರೆ ಬೆಲೆ ಇಳಿಯುತ್ತದೆ, ಬೆಲ್ಟಿನ ಹಣಕ್ಕಿಂತ ಹೆಚ್ಚೇ ಇಳಿಯುತ್ತದೆ. ತಮ್ಮ ಸುಮ್ಮನಾದ.

ಭಿಶಿಯ ಹಣ ಬೆಲ್ಟಿಗೆ ಹೋಯಿತು. ಹಾಗೆಂದು ಗ್ಯಾರೇಜಿನವರು ಬರೆದುಕೊಟ್ಟ ಪಟ್ಟಿಗೆಲ್ಲ ತಲೆಯಾಡಿಸಬೇಕೆಂದಲ್ಲ. ಎಂಜಿನ್ ತೊಳೆಯುವ ದ್ರಾವಣ, ಹೊಳಪಿನ ಲೇಪ ಇಂಥವನ್ನು ನಾವು ಅಳಿಸಿದೆವು. ಸರಿಯಾದ ದರ್ಜೆಯ ಎಣ್ಣೆ ಮತ್ತು ಕೂಲೆಂಟ್ ಮಾತ್ರ ಬಿಡಲಿಲ್ಲ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ತಿರುಗುವ ಟರ್ಬೊಗೆ ಆ ಎಣ್ಣೆಯೇ ಜೀವ. ಅದೇ ಕಾರಣಕ್ಕೆ ದೂರದಿಂದ ಜೋರಾಗಿ ಓಡಿಸಿ ಬಂದವನು ಒಂದೆರಡು ನಿಮಿಷ ಬಿಟ್ಟು ಕೀಲಿ ತಿರುಗಿಸಬೇಕು ಎಂದೂ ಚಾಚಾ ಎಚ್ಚರಿಸಿದರು.

ಕೆಲಸವನ್ನು ಅವರು ತಾವೇ ಮಾಡಲಿಲ್ಲ. "ಇದರ ಮೇಲಿನ ಚಕ್ರ ಲಾಕ್ ಮಾಡೋ ಟೂಲ್ ನನ್ನ ಕಡೆ ಇಲ್ಲವ್ವಾ, ಅಂದಾಜಿನ ಮ್ಯಾಲ ಮಾಡೂದಲ್ಲ ಇದು" ಎಂದು ಬೆಳಗಾವಿಗೆ ಕಳಿಸಿದರು. ಬಂದ ಕೆಲಸವನ್ನು ಬಿಟ್ಟುಕೊಟ್ಟ ಆ ಮಾತಿನಿಂದ ನನಗೆ ಅವರ ಮೇಲಿನ ಗೌರವ ಹೆಚ್ಚಿತು.

ಬಿಚ್ಚಿದ ಹಳೆಯ ಬೆಲ್ಟನ್ನು ತಮ್ಮ ಮನೆಗೆ ತಂದ. ಬೆನ್ನ ಮೇಲೆ ಕೂದಲೆಳೆಯಂಥ ಬಿರುಕುಗಳಿದ್ದವು, ಹಲ್ಲುಗಳೆಲ್ಲ ನೆಟ್ಟಗಿದ್ದವು. ವಾಟರ್ ಪಂಪಿನ ಕೆಳಗೆ ಸೋರಿ ಒಣಗಿದ ಕಲೆ ಇತ್ತಂತೆ. "ನೋಡು ಆಪಾ, ಇನ್ನೂ ಇಪ್ಪತ್ತು ಸಾವಿರ ಓಡುತ್ತಿತ್ತು" ಎಂದು ಇಂದಿಗೂ ಹೇಳುತ್ತಾನೆ. ಓಡುತ್ತಿತ್ತೋ ಇಲ್ಲವೋ, ಯಾರು ಹೇಳಬೇಕು? ಅವನ ಹೆಂಡತಿ ಆ ಮಾತಿಗೆ ಉತ್ತರ ಕೊಡುವುದಿಲ್ಲ. ಬಿಲ್ಲಿನ ಮೇಲೆ ತಾರೀಖು, ಕಿಲೋಮೀಟರು ಬರೆದು ಕಪಾಟಿನಲ್ಲಿ ಗ್ಯಾಸಿನ ಪುಸ್ತಕದ ಜೊತೆ ಇಟ್ಟಿದ್ದಾಳೆ. ಅಲಾಯ್ ಚಕ್ರಕ್ಕೆ ಮುಂದಿನ ಭಿಶಿ ಏಳಬೇಕು.