ಸ್ವಲೀನತೆ ಎಂಬ ತಪ್ಪು ಪದ

ಆಟಿಸಂಗೆ ಕನ್ನಡದಲ್ಲಿ ‘ಸ್ವಲೀನತೆ’ ಎನ್ನುತ್ತೇವೆ. ತನ್ನಲ್ಲೇ ತಾನು ಮುಳುಗಿದವರು ಸ್ವಲೀನರು. ಪತ್ರಿಕೆಗಳಿಗೆ ಒಗ್ಗಿದ, ಕಿವಿಗೆ ಹಿತವಾದ ಪದ. ನನ್ನ ತಕರಾರು ಆ ಪದದೊಳಗೆ ಕೂತಿರುವ ತೀರ್ಪಿನ ಮೇಲೆ: ಈ ಜನ ಹೊರಗಿನದನ್ನು ನೋಡುವುದಿಲ್ಲ ಎಂಬ ತೀರ್ಪು.

ಇದು ಬರೀ ಪದಕೋಶದ ಜಗಳವಾಗಿದ್ದರೆ ಸುಮ್ಮನಿರುತ್ತಿದ್ದೆ. ಎರಡು ವರ್ಷದ ಹಿಂದೆ ಅಕ್ಕನ ಮಗನನ್ನು ಥೆರಪಿಗೆ ಕರೆದೊಯ್ದಿದ್ದೆ. ಅವನಿಗಾಗ ಐದು ವರ್ಷ. ಮೊದಲ ಪಾಠವೇ ‘ನನ್ನ ಕಣ್ಣು ನೋಡು’. ಅವನು ನೋಡಲಿಲ್ಲ. ಗಲ್ಲ ಹಿಡಿದು ಮುಖ ಎತ್ತಿದರು. ನೋಡಿದ ಪ್ರತಿ ಸಲಕ್ಕೂ ಒಂದು ಚೂರು ಚಾಕಲೇಟು. ಅವನ ಕಣ್ಣು ಗೋಡೆಯ ಮೇಲೆ ಆಡುತ್ತಿದ್ದ ಪರದೆಯ ನೆರಳಿನ ಮೇಲಿತ್ತು. ‘ಇವನು ತನ್ನದೇ ಲೋಕದಲ್ಲಿದ್ದಾನೆ’ ಎಂದರು. ಆ ನೆರಳು ನಮ್ಮೆಲ್ಲರ ಲೋಕದಲ್ಲೇ ಇತ್ತು. ನೋಡಿದವನು ಅವನೊಬ್ಬ.

ಹೆಸರಿನ ತಪ್ಪು ಕನ್ನಡದಲ್ಲಿ ಶುರುವಾದದ್ದಲ್ಲ. ‘ತಾನು’ ಎಂಬರ್ಥದ ಗ್ರೀಕ್ ಪದದಿಂದ ಅದನ್ನು ಕಟ್ಟಿದವರು ಸ್ವಿಸ್ ಮನೋವೈದ್ಯ ಬ್ಲಾಯ್ಲರ್. 1943ರಲ್ಲಿ ಅಮೆರಿಕದ ಲಿಯೊ ಕ್ಯಾನರ್ 11 ಮಕ್ಕಳ ಕುರಿತ ವರದಿಗೆ ಅದನ್ನೇ ಬಳಸಿಕೊಂಡರು. ಅದೇ ವರದಿಯಲ್ಲಿ ಮಣಿ, ಕಡ್ಡಿ, ಮರದ ತುಂಡುಗಳನ್ನು ಮೊದಲಿದ್ದ ಕ್ರಮದಲ್ಲೇ ಮತ್ತೆ ಜೋಡಿಸುವ ಮಕ್ಕಳಿದ್ದಾರೆ. ತಮ್ಮೊಳಗೇ ಮುಳುಗಿದ ಮಕ್ಕಳು ಹೊರಗಿನದನ್ನು ಇಷ್ಟು ಕರಾರುವಾಕ್ಕಾಗಿ ನೋಡಿದ್ದು ಯಾವಾಗ?

1983ರಲ್ಲಿ ಲಂಡನ್ನಿನ ಅಮಿತಾ ಶಾ ಮತ್ತು ಊಟಾ ಫ್ರಿತ್ ಮಕ್ಕಳಿಗೊಂದು ಪರೀಕ್ಷೆ ಕೊಟ್ಟರು. ದೊಡ್ಡ ಚಿತ್ರದೊಳಗೆ ಅಡಗಿದ ಸಣ್ಣ ಆಕೃತಿಯನ್ನು ಹುಡುಕಬೇಕು. ಆಟಿಸಂ ಇರುವ ಮಕ್ಕಳೇ ಮುಂದಿದ್ದರು. ಆ ಗೆಲುವಿನಿಂದ ಹುಟ್ಟಿದ ಸಿದ್ಧಾಂತದ ಹೆಸರೇನು ಗೊತ್ತೇ? ‘ದುರ್ಬಲ ಕೇಂದ್ರ ಸಂಗತತೆ’. ಬಿಡಿಯನ್ನು ಚೆನ್ನಾಗಿ ನೋಡಿದ್ದು ಇಡಿಯನ್ನು ನೋಡಲಾಗದ ದೌರ್ಬಲ್ಯವಾಯಿತು! 2006ರಲ್ಲಿ ಫ್ರಿತ್ ಅವರೇ ಫ್ರಾನ್ಸೆಸ್ಕಾ ಹ್ಯಾಪೆ ಜೊತೆ ಬರೆಯುತ್ತಾ, ಇದು ಕೊರತೆಗಿಂತ ಒಂದು ಒಲವು, ಗ್ರಹಿಕೆಯ ಶೈಲಿ ಎಂದರು. ‘ದುರ್ಬಲ’ ಮಾತ್ರ ಉಳಿದುಕೊಂಡಿತು.

ಮಿದುಳು ಏನು ಹೇಳುತ್ತದೆ? ಮಾಂಟ್ರಿಯಲ್‌ನ ಲೋರಾಂ ಮೋತ್ರೋಂ ತಂಡ ಹಲವು ಸ್ಕ್ಯಾನ್ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಚಿತ್ರ, ಮುಖ, ಅಕ್ಷರಗಳನ್ನು ನೋಡುವಾಗ ಆಟಿಸಂ ಇರುವವರಲ್ಲಿ ನೋಟಕ್ಕೆ ಸಂಬಂಧಿಸಿದ ಹಿಂಭಾಗ ಇತರರಿಗಿಂತ ಹೆಚ್ಚು ಚುರುಕಾಗಿತ್ತು. ಮುಂಭಾಗ ಅಷ್ಟಾಗಿ ದುಡಿಯುತ್ತಿರಲಿಲ್ಲ. ಯೋಚನೆಯ ಎಷ್ಟೋ ಕೆಲಸವನ್ನು ನೋಟವೇ ಮಾಡುತ್ತದೆ ಎಂದು ಅವರು ಇದನ್ನು ಓದುತ್ತಾರೆ.

ಕಣ್ಣು ತಪ್ಪಿಸುವುದಕ್ಕೂ ಕಾರಣವಿದೆ. ಅದನ್ನು ಸ್ಕ್ಯಾನರ್‌ನಲ್ಲಿ ಹುಡುಕಿದ ನೂಶಿನ್ ಹಾಜಿಖಾನಿ ಮತ್ತು ಸಂಗಡಿಗರು, ಎದುರಿನವರ ಕಣ್ಣನ್ನೇ ನೋಡುವಂತೆ ಮಾಡಿದಾಗ ಆಟಿಸಂ ಇರುವವರಲ್ಲಿ ಮಿದುಳಿನ ಆಳದ ಭಾಗಗಳು, ಅಮಿಗ್ಡಲಾ ಸೇರಿ, ಅತಿಯಾಗಿ ಕೆರಳುವುದನ್ನು 2017ರಲ್ಲಿ ವರದಿ ಮಾಡಿದರು. ನಾವು ಉದಾಸೀನ ಎಂದುಕೊಂಡದ್ದು ತಡೆಯಲಾಗದಷ್ಟು ತೀವ್ರತೆಯಿರಬಹುದು. ಗಲ್ಲ ಹಿಡಿದು ಎತ್ತಿದ ಆ ಕೈ ಮಗುವಿಗೆ ಏನು ಕಲಿಸುತ್ತಿತ್ತು? ಯೋಚಿಸಿ.

‘ಹಾಗಾದರೆ ಇವರೆಲ್ಲ ಅಸಾಧಾರಣ ಪ್ರತಿಭೆಗಳೇ?’ ಎಂದು ಕೇಳುವವರಿದ್ದಾರೆ. ಅದು ಸಿನಿಮಾಗಳು ಮಾಡುವ ಇನ್ನೊಂದು ತಪ್ಪು. 2009ರಲ್ಲಿ ಇವರ ದೃಷ್ಟಿ ಹದ್ದಿನಷ್ಟು ಚುರುಕು ಎಂಬ ವರದಿಯೂ ಬಂದಿತ್ತು. ಪರೀಕ್ಷೆಯ ವಿಧಾನದಲ್ಲೇ ದೋಷವಿದೆ ಎಂದು ಬೇರೆ ವಿಜ್ಞಾನಿಗಳು ತೋರಿಸಿಕೊಟ್ಟರು. ಎಲ್ಲರ ನೋಟವೂ ಒಂದೇ ತರಹದ್ದಲ್ಲ. ಟ್ಯೂಬ್‌ಲೈಟಿನ ಮಿನುಗು, ಜಾತ್ರೆಯ ಗದ್ದಲ ಹಲವರಿಗೆ ಹಿಂಸೆ. ಬದುಕಿಡೀ ಆಸರೆ ಬೇಕಾದವರೂ ಇದ್ದಾರೆ. ಅವರಿಗೆ ನೆರವು ಬೇಡ ಎಂದು ನಾನು ಹೇಳುತ್ತಿಲ್ಲ. ಮಗು ಏನನ್ನು ನೋಡುತ್ತಿದೆ ಎಂದು ಕೇಳದೆ ಕೊಡುವ ನೆರವು ನೆರವಲ್ಲ.

ಸಾಹಿತ್ಯ ಓದುವವರಾದ ನಮಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಎಲೆಯ ನರವನ್ನು, ಗೋಡೆಯ ಬಿರುಕನ್ನು ನಿಂತು ನೋಡುವ ಕವಿಯನ್ನು ‘ಸೂಕ್ಷ್ಮದೃಷ್ಟಿ’ ಎಂದು ಹೊಗಳುತ್ತೇವೆ. ಅದನ್ನೇ ನೋಡುವ ಮಗುವಿಗೆ ‘ಸ್ವಲೀನ’ ಎನ್ನುತ್ತೇವೆ. ನಿಘಂಟು ನಾಳೆಯೇ ಬದಲಾಗಲಾರದು. ಆದರೆ ಕತೆಯಲ್ಲೋ ಲೇಖನದಲ್ಲೋ ‘ತನ್ನದೇ ಲೋಕದಲ್ಲಿದ್ದಾನೆ’ ಎಂದು ಬರೆಯುವ ಮುನ್ನ, ಆ ಮಗು ನೋಡುತ್ತಿರುವ ಕಡೆಗೆ ಒಮ್ಮೆ ತಿರುಗಿ ನೋಡಬಹುದಲ್ಲ?