ಹಳೆಯ ಹಾರ್ನ್ ಸ್ಪೀಕರ್‌ನ ನಕಲು: ಮನೆಯಲ್ಲೇ ಮಾಡಿದರೆ ಅದೇ ನಾದ ಬರುತ್ತದೆಯೇ?

ಜಾತ್ರೆ, ಮದುವೆ, ಚುನಾವಣಾ ಪ್ರಚಾರಗಳಲ್ಲಿ ನಾವು ‘ಮೈಕ್’ ಎಂದೇ ಕರೆಯುವ, ಅರಳಿದ ಹೂವಿನಾಕಾರದ ತಗಡಿನ ಸ್ಪೀಕರ್ ಎಲ್ಲರಿಗೂ ಗೊತ್ತು. ಅದರ ಸದ್ದು ದೂರಕ್ಕೆ ಕೇಳಿಸುತ್ತದೆ ನಿಜ, ಆದರೆ ಕಿವಿಗೆ ಹಿತವಾಗಿದೆ ಎಂದು ಹೊಗಳುವವರು ಕಡಿಮೆ. ವಿಚಿತ್ರವೆಂದರೆ, ಇದೇ ತತ್ತ್ವದ ಮೇಲೆ ಅಮೆರಿಕದ ಚಿತ್ರಮಂದಿರಗಳಿಗಾಗಿ 1920ರಿಂದ 1950ರ ದಶಕದವರೆಗೆ ತಯಾರಾದ ದೊಡ್ಡ ಹಾರ್ನ್ ಸ್ಪೀಕರ್‌ಗಳನ್ನು ಸಂಗೀತಪ್ರಿಯರು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ಅಸಲಿ ಸಿಗುವುದು ಅಪರೂಪ. ಸಿಕ್ಕರೆ ಬೆಲೆ ಕೈಗೆಟುಕದು. ಆದ್ದರಿಂದ ಹಲವು ಹವ್ಯಾಸಿಗಳು ಹಳೆಯ ನಕ್ಷೆ ಇಟ್ಟುಕೊಂಡು ಪ್ಲೈವುಡ್ ಕತ್ತರಿಸಲು ಕೂರುತ್ತಾರೆ. ಹೀಗೆ ಮಾಡಿದ ನಕಲಿನಲ್ಲಿ ಅಸಲಿಯ ನಾದ ಬರುತ್ತದೆಯೇ? ಯಾವುದನ್ನು ನಕಲು ಮಾಡಬಹುದು, ಯಾವುದನ್ನು ಮಾಡಲಾಗದು? ನೋಡೋಣ.

ಹಾರ್ನ್ ಏಕೆ ಬೇಕಾಯಿತು?

ಅಂಗೈಯನ್ನು ಗಾಳಿಯಲ್ಲಿ ಬೀಸಿ ನೋಡಿ, ಯಾವ ತಡೆಯೂ ಇರದು. ಅದೇ ಕೈಯನ್ನು ಬಕೆಟ್ ನೀರಿನಲ್ಲಿ ಆಡಿಸಿದರೆ ನೀರು ಎದುರು ಒತ್ತುತ್ತದೆ. ಎದುರಿನ ಒತ್ತು ಇದ್ದಾಗ ಮಾತ್ರ ಕೈಯ ಶಕ್ತಿ ಅದಕ್ಕೆ ದಾಟುತ್ತದೆ. ಸ್ಪೀಕರ್‌ನ ಕಷ್ಟವೂ ಇದೇ. ಅದರ ಪೊರೆ ಭಾರ, ಗಾಳಿ ಹಗುರ. ಹೀಗಾಗಿ ಮನೆಯ ಸಾಮಾನ್ಯ ಸ್ಪೀಕರ್‌ಗೆ ಕೊಟ್ಟ ವಿದ್ಯುತ್ತಿನಲ್ಲಿ ಶೇಕಡಾ 1ರಷ್ಟು ಮಾತ್ರ ಸದ್ದಾಗುತ್ತದೆ. ಉಳಿದದ್ದು ಬಹುಪಾಲು ಶಾಖವಾಗಿ ಹೋಗುತ್ತದೆ.

ಪೊರೆಯ ಮುಂದೆ ಸಣ್ಣ ಕುತ್ತಿಗೆಯಿಂದ ಶುರುವಾಗಿ ನಿಧಾನವಾಗಿ ಅಗಲವಾಗುವ ಕೊಳವೆ ಇಟ್ಟರೆ ಚಿತ್ರವೇ ಬದಲಾಗುತ್ತದೆ. ಕುತ್ತಿಗೆಯಲ್ಲಿ ಸಿಕ್ಕಿಕೊಂಡ ಗಾಳಿ ಪೊರೆಗೆ ಎದುರು ಒತ್ತು ಕೊಡುತ್ತದೆ, ಅಗಲವಾದ ಬಾಯಿ ಆ ಶಕ್ತಿಯನ್ನು ಹೊರಗಿನ ಗಾಳಿಗೆ ಸುಗಮವಾಗಿ ದಾಟಿಸುತ್ತದೆ. ಏರಿನಲ್ಲಿ ಸೈಕಲ್‌ನ ಗೇರ್ ಮಾಡುವ ಕೆಲಸವನ್ನೇ ಇಲ್ಲಿ ಹಾರ್ನ್ ಮಾಡುತ್ತದೆ. ಕಹಳೆ, ಕೊಂಬುಗಳ ಗುಟ್ಟೂ ಇದೇ.

1920ರ ದಶಕದ ಆಂಪ್ಲಿಫೈಯರ್‌ಗಳಿಗೆ ಕೆಲವೇ ವ್ಯಾಟ್‌ಗಳ ಶಕ್ತಿ ಇತ್ತು. ಮಾತನಾಡುವ ಸಿನಿಮಾ ಬಂದಾಗ ಅಷ್ಟರಲ್ಲೇ ಸಾವಿರಾರು ಜನರಿಗೆ ಕೇಳಿಸಬೇಕಿತ್ತು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 555 ಎಂಬ ಡ್ರೈವರ್‌ಗೆ ಬಸವನಹುಳುವಿನಂತೆ ಸುತ್ತಿಕೊಂಡ ಮರದ ಹಾರ್ನ್ ಜೋಡಿಸಿದ್ದು ಈ ಕಾರಣಕ್ಕೆ. 1945ರಲ್ಲಿ ಆಲ್ಟೆಕ್ ಲ್ಯಾನ್ಸಿಂಗ್‌ನ ‘ವಾಯ್ಸ್ ಆಫ್ ದ ಥಿಯೇಟರ್’ ಸರಣಿ ಬಂತು. ಪಾಲ್ ಕ್ಲಿಪ್ಷ್ 1946ರಲ್ಲಿ ಮಾರಾಟಕ್ಕೆ ತಂದ ‘ಕ್ಲಿಪ್ಷ್‌ಹಾರ್ನ್’ ಮನೆಯ ಮೂಲೆಯಲ್ಲಿ ನಿಲ್ಲುವ ಸ್ಪೀಕರ್. ಅದು ಇಂದಿಗೂ ತಯಾರಾಗುತ್ತಿದೆ. ಮುಂದೆ ಟ್ರಾನ್ಸಿಸ್ಟರ್ ಬಂದು ವ್ಯಾಟ್ ಅಗ್ಗವಾಯಿತು. ಹೆಚ್ಚು ವಿದ್ಯುತ್ ತಿಂದರೂ ಚಿಕ್ಕದಾಗಿರುವ ಪೆಟ್ಟಿಗೆಗಳೇ ಮನೆಗಳಿಗೆ ಸಾಕಾದವು, ಹಾರ್ನ್ ಹಿಂದೆ ಸರಿಯಿತು.

ಗಾತ್ರದಲ್ಲಿ ರಿಯಾಯಿತಿ ಇಲ್ಲ

ತಗ್ಗಿನ ಸ್ವರ ಬೇಕಾದಷ್ಟೂ ಹಾರ್ನ್‌ನ ಬಾಯಿ ದೊಡ್ಡದಾಗಬೇಕು. ಬಾಯಿಯ ಸುತ್ತಳತೆ ಆ ಸ್ವರದ ತರಂಗದಷ್ಟು ಉದ್ದ ಇರಬೇಕು ಎಂಬುದು ಸ್ಥೂಲ ನಿಯಮ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 40 ಹರ್ಟ್ಜ್‌ನ ತರಂಗ 8.6 ಮೀಟರ್ ಉದ್ದ, ಅದಕ್ಕೆ 2.7 ಮೀಟರ್ ಅಗಲದ ಬಾಯಿ ಬೇಕು. ಅಂದರೆ ಮನೆಯ ಬಾಗಿಲಿಗಿಂತ ಎತ್ತರ! ಅರ್ಧ ಮೀಟರ್ ಅಗಲದ ‘ಮೈಕ್’ ಹಾರ್ನ್‌ಗೆ ಇದೇ ಲೆಕ್ಕ ಹಾಕಿದರೆ ಸುಮಾರು 220 ಹರ್ಟ್ಜ್‌ಗಿಂತ ಕೆಳಗೆ ಅದು ಸೋಲುತ್ತದೆ. ಜಾತ್ರೆಯ ಮೈಕ್‌ನಲ್ಲಿ ಗಾಯಕರ ದನಿ ಕೇಳಿಸಿ, ತಬಲಾದ ಡಗ್ಗಾ ಮಾಯವಾಗುವುದಕ್ಕೆ ಇದು ಮುಖ್ಯ ಕಾರಣ.

ಕ್ಲಿಪ್ಷ್ ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು. ಸ್ಪೀಕರನ್ನು ಕೋಣೆಯ ಮೂಲೆಗೆ ಒತ್ತಿ ಇಟ್ಟರೆ ಎರಡು ಗೋಡೆ ಮತ್ತು ನೆಲ ಸೇರಿ ಸದ್ದು ಹರಡುವ ಜಾಗವನ್ನು ಎಂಟನೇ ಒಂದು ಭಾಗಕ್ಕೆ ಇಳಿಸುತ್ತವೆ. ಬಾಯಿಯ ವಿಸ್ತೀರ್ಣವೂ ಎಂಟನೇ ಒಂದು ಭಾಗ ಸಾಕಾಗುತ್ತದೆ. 40 ಹರ್ಟ್ಜ್‌ಗೆ ಲೆಕ್ಕ ಹಾಕಿದ ಹಾರ್ನ್‌ನ ಒಳವಿಸ್ತೀರ್ಣ ಪ್ರತಿ 47 ಸೆಂಟಿಮೀಟರಿಗೆ ದುಪ್ಪಟ್ಟಾಗುತ್ತ ಹೋಗಬೇಕು. 500 ಚದರ ಸೆಂಟಿಮೀಟರ್ ಕುತ್ತಿಗೆಯಿಂದ ಶುರು ಮಾಡಿದರೆ ಬಯಲಿನಲ್ಲಿ ಮೂರೂಕಾಲು ಮೀಟರ್ ಉದ್ದದ ಹಾರ್ನ್ ಬೇಕು, ಮೂಲೆಯಲ್ಲಿ 1.8 ಮೀಟರ್ ಸಾಕು. ಅದನ್ನು ಮಡಚಿ ಪೆಟ್ಟಿಗೆಯೊಳಗೆ ಕೂರಿಸಬಹುದು.

ಇದರಿಂದ ನಕಲು ಮಾಡುವವರು ತಿಳಿಯಬೇಕಾದ ಮೊದಲ ಪಾಠ: ಇಂಥ ಸ್ಪೀಕರ್‌ನಲ್ಲಿ ಕೋಣೆಯೂ ಒಂದು ಬಿಡಿಭಾಗ. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಬಾಗಿಲು ಇರುವ ಮೂಲೆಯಲ್ಲಿ ನಿಲ್ಲಿಸಿದರೆ ಅಸಲಿ ಕ್ಲಿಪ್ಷ್‌ಹಾರ್ನ್ ಕೂಡ ತನ್ನ ತಗ್ಗಿನ ಸ್ವರಗಳಲ್ಲಿ ಸೊರಗುತ್ತದೆ.

‘ಹಳೆಯ ಮರದಲ್ಲೇ ನಾದ ಇರುವುದು’ – ನಿಜವೇ?

ಇಲ್ಲ. ವೀಣೆಯ ಹಲಸಿನ ಮರ ತಾನೂ ಕಂಪಿಸಿ ತಂತಿಯ ಸ್ವರಕ್ಕೆ ಬಣ್ಣ ಕೊಡುತ್ತದೆ, ಕೊಡಬೇಕು. ಸ್ಪೀಕರ್ ಪೆಟ್ಟಿಗೆಯ ಕೆಲಸ ಇದಕ್ಕೆ ವಿರುದ್ಧ. ವೀಣೆ, ಕೊಳಲು, ಮನುಷ್ಯನ ದನಿ ಎಲ್ಲವನ್ನೂ ನುಡಿಸಬೇಕಾದ ಪೆಟ್ಟಿಗೆಗೆ ತನ್ನದೇ ದನಿ ಇರಬಾರದು. ಹಲಗೆ ದಪ್ಪಗೆ, ಬಿಗಿಯಾಗಿ, ಅಲುಗದಂತೆ ಇರಬೇಕು. ಒಳ್ಳೆಯ ಪ್ಲೈವುಡ್‌ಗೆ ಒಳಗೆ ಅಡ್ಡಪಟ್ಟಿ ಕೊಟ್ಟರೆ ಈ ಕೆಲಸ ಚೆನ್ನಾಗಿಯೇ ಆಗುತ್ತದೆ. ತೇಗ, ಬೀಟೆಗೆ ಸುರಿಯುವ ಹಣ ನೋಟಕ್ಕೆ ಹೋಗುತ್ತದೆಯೇ ಹೊರತು ನಾದಕ್ಕಲ್ಲ. ಮರದ ಜಾತಿಗಿಂತ ಮುಖ್ಯವಾದದ್ದು ಸಂದುಗಳು. ಮಡಚಿದ ಹಾರ್ನ್‌ನೊಳಗೆ ಗಾಳಿ ಸೋರುವ ಒಂದು ಸೀಳು ಇದ್ದರೂ ತಗ್ಗಿನ ಸ್ವರ ಬಡವಾಗುತ್ತದೆ, ಕೆಲವೊಮ್ಮೆ ಸಿಳ್ಳೆಯಂಥ ಸದ್ದೂ ಸೇರಿಕೊಳ್ಳುತ್ತದೆ.

‘ಕೂದಲೆಳೆಯಷ್ಟೂ ತಪ್ಪಬಾರದು’ – ನಿಜವೇ?

ಅರ್ಧ ನಿಜ. 400 ಹರ್ಟ್ಜ್‌ನ ತರಂಗ 86 ಸೆಂಟಿಮೀಟರ್ ಉದ್ದ. ಅದರ ಮುಂದೆ ಎರಡು ಮಿಲಿಮೀಟರ್ ತಪ್ಪು ಏನೂ ಅಲ್ಲ. ಹಾಗಾಗಿ ತಗ್ಗಿನ ಸ್ವರದ ದೊಡ್ಡ ಪೆಟ್ಟಿಗೆಯನ್ನು ಊರಿನ ಅನುಭವಿ ಬಡಗಿ ಧೈರ್ಯವಾಗಿ ಮಾಡಬಹುದು. 10,000 ಹರ್ಟ್ಜ್‌ನ ತರಂಗವಾದರೋ ಮೂರೂವರೆ ಸೆಂಟಿಮೀಟರೂ ಇಲ್ಲ. ಏರುಸ್ವರದ ಹಾರ್ನ್‌ನ ಕುತ್ತಿಗೆಯಲ್ಲಿ ಒಂದೆರಡು ಮಿಲಿಮೀಟರ್ ಏರುಪೇರಾದರೆ ಕಿವಿಗೆ ಗೊತ್ತಾಗುತ್ತದೆ. ಇನ್ನು ಡ್ರೈವರ್ ಒಳಗಿನ ಪೊರೆ, ಅದರ ಮುಂದಿನ ಸಣ್ಣ ಸೀಳುಗಳ ಅಳತೆ ಮಿಲಿಮೀಟರಿನ ಭಾಗಗಳಲ್ಲಿ ಇರುತ್ತದೆ. ಅದು ಗರಗಸದ ಕೆಲಸವಲ್ಲ, ಕೊಂಡು ತರಬೇಕಾದ ವಸ್ತು.

ನಕಲು ಹಳಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಪೆಟ್ಟಿಗೆ ಹಳೆಯ ನಕ್ಷೆಯದು, ಡ್ರೈವರ್ ಅಂಗಡಿಯಲ್ಲಿ ಸಿಕ್ಕಿದ್ದು ಎಂದಾದರೆ ಅದು ನಕಲೇ ಅಲ್ಲ, ಬೇರೆಯೇ ಸ್ಪೀಕರ್. ಹಾರ್ನ್ ಬೇಡುವುದು ಬಲವಾದ ಅಯಸ್ಕಾಂತ ಮತ್ತು ಹಗುರ ಪೊರೆ ಇರುವ ಡ್ರೈವರ್. ಕಾರಿಗೆಂದು ಮಾಡಿದ ಭಾರದ ಸಬ್‌ವೂಫರ್ ಅದರೊಳಗೆ ಹೊಂದುವುದಿಲ್ಲ.

‘ಹಳೆಯ ಬಿಡಿಭಾಗಗಳೇ ಶ್ರೇಷ್ಠ’ – ನಿಜವೇ?

ಕೆಲವು ಹೌದು, ಹಲವು ಅಲ್ಲ. ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಕೆಲವು ದಶಕಗಳಲ್ಲಿ ಒಣಗುತ್ತವೆ. ಆಲ್ನಿಕೊ ಅಯಸ್ಕಾಂತದ ಬಲ ಕುಂದಿರಬಹುದು. ಅದನ್ನು ಮತ್ತೆ ತುಂಬಿಸಬಹುದು. ಲೋಹದ ಪೊರೆ ದಣಿದು ಬಿರುಕು ಬಿಟ್ಟಿರಬಹುದು. ನಾವು ಇಂದು ಕೇಳುವ ಅಸಲಿ ಸ್ಪೀಕರ್ ತಯಾರಾದ ದಿನದಂತೆ ನುಡಿಯುತ್ತಿದೆ ಎಂದು ಭಾವಿಸುವಂತಿಲ್ಲ.

ಹಳೆಯ ವಿನ್ಯಾಸಗಳಿಗೆ ಹುಟ್ಟಿನಿಂದಲೇ ಇದ್ದ ತೊಂದರೆಗಳೂ ಇವೆ. 1930ರ ದಶಕದಲ್ಲಿ ಹಾಲಿವುಡ್‌ನ ಎಂಜಿಎಂ ಸ್ಟುಡಿಯೊದಲ್ಲಿ ಟ್ಯಾಪ್ ನೃತ್ಯದ ಹೆಜ್ಜೆ ಸದ್ದು ಎರಡೆರಡಾಗಿ ಕೇಳಿಸಿತು. ಉದ್ದದ ಹಾರ್ನ್‌ನಿಂದ ಬರುವ ತಗ್ಗಿನ ಸ್ವರ ಪ್ರತಿ ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ತಡವಾಗುವುದೇ ಕಾರಣ. ಈಗಿನ ಡಿಜಿಟಲ್ ಕ್ರಾಸ್‌ಓವರ್‌ನಲ್ಲಿ ಏರುಸ್ವರವನ್ನು ಅಷ್ಟೇ ತಡೆದು ಕಳಿಸಬಹುದು. ಈ ಒಂದು ವಿಷಯದಲ್ಲಿ ನಕಲು ಅಸಲಿಗಿಂತ ಚೆನ್ನಾಗಿರಲು ಸಾಧ್ಯ.

ಕಿವಿ, ಶ್ವಾಸಕೋಶ, ವಿದ್ಯುತ್

ಸಾಮಾನ್ಯ ಸ್ಪೀಕರ್ 1 ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಸುಮಾರು 88 ಡೆಸಿಬೆಲ್ ಸದ್ದು ಕೊಟ್ಟರೆ ದೊಡ್ಡ ಹಾರ್ನ್ 105ರ ಹತ್ತಿರ ಕೊಡುತ್ತದೆ. ಈ 17 ಡೆಸಿಬೆಲ್ ವ್ಯತ್ಯಾಸ ಎಂದರೆ ಶಕ್ತಿಯಲ್ಲಿ 50 ಪಟ್ಟು. ಅಲ್ಲಿ 100 ವ್ಯಾಟ್ ಮಾಡುವ ಕೆಲಸಕ್ಕೆ ಇಲ್ಲಿ 2 ವ್ಯಾಟ್ ಸಾಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಮಿತಿಯಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. ಹಾರ್ನ್‌ನಲ್ಲಿ ಒಡಕು ಸದ್ದು ಕಡಿಮೆ ಇರುವುದರಿಂದ ಎಷ್ಟು ಜೋರಾಗಿದೆ ಎಂಬುದು ಬೇಗ ತಿಳಿಯುವುದಿಲ್ಲ. ಮೊದಲ ದಿನವೇ ಡೆಸಿಬೆಲ್ ಅಳೆದು ನೋಡುವುದು ಒಳ್ಳೆಯದು.

ಮರದ ಧೂಳನ್ನೂ, ಪ್ಲೈವುಡ್ ಮತ್ತು ಎಂಡಿಎಫ್ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿದೆ. ಮುಚ್ಚಿದ ಕೋಣೆಯಲ್ಲಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ವಾರಗಟ್ಟಲೆ ಗರಗಸ ಆಡಿಸುವುದು ಸಲ್ಲದು. ಗಾಳಿಯಾಡುವ ಜಾಗ, ಎನ್95 ಮಾಸ್ಕ್ ಇರಲಿ. ಜೊತೆಗೆ ಹಳೆಯ ವಾಲ್ವ್ ಆಂಪ್ಲಿಫೈಯರ್ ತಂದರೆ ನೆನಪಿಡಿ: ಅದರೊಳಗೆ 300 ವೋಲ್ಟ್‌ಗೂ ಹೆಚ್ಚು ಇರಬಹುದು, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಹೊಡೆಯಬಲ್ಲದು. ಬಲ್ಲವರಿಗಷ್ಟೇ ಬಿಚ್ಚಲು ಕೊಡಿ.

ಹಾಗಾದರೆ ಮಾಡಬೇಕೆ, ಬೇಡವೆ?

ದೊಡ್ಡ ಕೋಣೆ, ಗಟ್ಟಿ ಮೂಲೆ, ತಾಳ್ಮೆ ಇದ್ದರೆ ಧಾರಾಳವಾಗಿ ಮಾಡಬಹುದು. ಹಾರ್ನ್‌ನ ಆಕಾರ ಗಣಿತದ್ದು; ಅದು ಯಾವ ಕಾರ್ಖಾನೆಯ ಗುಟ್ಟೂ ಅಲ್ಲ, ಯಾವ ಕಾಲದ ಮಾಯೆಯೂ ಅಲ್ಲ. ಮೊದಲು ಕೋಣೆಯನ್ನು ಅಳೆಯಿರಿ, ನಂತರ ಡ್ರೈವರ್ ಆರಿಸಿ, ಹಲಗೆಗೆ ಗರಗಸ ಇಡುವುದು ಕೊನೆಗೆ. ಸಣ್ಣ ಕೋಣೆಯವರಿಗೆ ಒಳ್ಳೆಯ ಸಣ್ಣ ಸ್ಪೀಕರ್ ಹೆಚ್ಚು ಸಂಗೀತ ಕೊಡುತ್ತದೆ. ಪೂರ್ತಿಯಾದ ಮೇಲೆ ಒಂದು ಅಳತೆಯ ಮೈಕ್ ಮತ್ತು ಉಚಿತ ತಂತ್ರಾಂಶದಿಂದ ಪರೀಕ್ಷಿಸಿ. ಅಸಲಿಯಂತೆ ಕಾಣುತ್ತದೆಯೇ ಎಂಬುದನ್ನು ಕಣ್ಣು ಹೇಳುತ್ತದೆ. ಎಲ್ಲಿ ಸೋರುತ್ತಿದೆ, ಯಾವ ಸ್ವರ ಕುಂದಿದೆ ಎಂಬುದನ್ನು ಹೇಳಲು ಅಳತೆಯೇ ಬೇಕು.