ಆ ಮಾತು ಆಡಿದವರು ಯಾರು?

ರೋಮ್ ನಗರದ ಲಾ ಸಪಿಯೆಂಜಾ ವಿಶ್ವವಿದ್ಯಾಲಯವನ್ನು 1303ರಲ್ಲಿ ಸ್ಥಾಪಿಸಿದವರು ಒಬ್ಬ ಪೋಪ್, 8ನೇ ಬೋನಿಫೇಸ್. ಏಳು ಶತಮಾನಗಳ ನಂತರ, 2008ರ ಜನವರಿ 17ರಂದು, ಅದೇ ವಿಶ್ವವಿದ್ಯಾಲಯದ ಶೈಕ್ಷಣಿಕ ವರ್ಷದ ಸಮಾರಂಭದಲ್ಲಿ ಪೋಪ್ 16ನೇ ಬೆನೆಡಿಕ್ಟ್ ಭಾಷಣ ಮಾಡಬೇಕಿತ್ತು. ಎರಡು ದಿನ ಮುಂಚೆ ಭೇಟಿ ರದ್ದಾಯಿತು. ಗಲಾಟೆಗೆ ಕಾರಣಗಳು ಹಲವು; ಆದರೆ ಎಲ್ಲರ ಬಾಯಲ್ಲಿ ಓಡಾಡಿದ್ದು ಹದಿನೆಂಟು ವರ್ಷ ಹಳೆಯದಾದ ಒಂದೇ ಒಂದು ಮಾತು.

ವಿಶ್ವವಿದ್ಯಾಲಯದ 67 ಮಂದಿ ಪ್ರಾಧ್ಯಾಪಕರು ತಮ್ಮ ಮುಖ್ಯಸ್ಥರಿಗೆ ಪತ್ರ ಬರೆದಿದ್ದರು. ಅವರಲ್ಲಿ ಭೌತವಿಜ್ಞಾನಿಗಳೇ ಹೆಚ್ಚು. ಬೆನೆಡಿಕ್ಟ್ ಅವರು ಇನ್ನೂ ಕಾರ್ಡಿನಲ್ ಜೋಸೆಫ್ ರಾಟ್ಜಿಂಗರ್ ಆಗಿದ್ದಾಗ, 1990ರಲ್ಲಿ, ಗೆಲಿಲಿಯೊ ಮೇಲೆ ಚರ್ಚ್ ನಡೆಸಿದ ವಿಚಾರಣೆ ವಿವೇಕದ್ದು, ನ್ಯಾಯದ್ದು ಎಂಬರ್ಥದ ಮಾತನ್ನು ಉದ್ಧರಿಸಿದ್ದರು. ವಿಜ್ಞಾನಿಗಳಾದ ನಮಗೆ ಅದು ಅವಮಾನ ಎಂಬುದು ಪತ್ರದ ತಿರುಳು. ಸಿಟ್ಟು ಬರುವಂಥದ್ದೇ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ವಾದವನ್ನು ಎತ್ತಿಹಿಡಿದದ್ದಕ್ಕಾಗಿ 1633ರಲ್ಲಿ ಶಿಕ್ಷೆಗೊಳಗಾದ ಗೆಲಿಲಿಯೊ, 1642ರಲ್ಲಿ ಸಾಯುವವರೆಗೆ ಗೃಹಬಂಧನದಲ್ಲೇ ಇದ್ದ. ಭೌತವಿಜ್ಞಾನ ಕಲಿಸುವವರು ಅದನ್ನು ಮರೆಯುವುದಾದರೂ ಹೇಗೆ?

ಆ 1990ರ ಭಾಷಣ ಗುಟ್ಟಿನದಲ್ಲ, ಪುಸ್ತಕದಲ್ಲಿ ಅಚ್ಚಾಗಿದೆ. ತೆರೆದು ನೋಡಿದರೆ ಆ ಮಾತು ರಾಟ್ಜಿಂಗರ್ ಅವರದಲ್ಲ, ತತ್ವಶಾಸ್ತ್ರಜ್ಞ ಪಾಲ್ ಫೆಯರಾಬೆಂಡ್‌ನದು. ಉದ್ಧರಣೆ ಎಂಬುದನ್ನು ಪತ್ರ ಬರೆದವರೂ ಬಲ್ಲರು. ಆದರೆ ಅದರ ಹಿಂದುಮುಂದಿನ ಸಾಲುಗಳು ಪತ್ರದಲ್ಲಿಲ್ಲ. ವಿಜ್ಞಾನದ ಮೇಲಿದ್ದ ಕುರುಡು ಭರವಸೆ ಇಪ್ಪತ್ತನೆಯ ಶತಮಾನದಲ್ಲಿ ಹೇಗೆ ಅಲುಗಾಡಿತು ಎಂಬುದನ್ನು ತೋರಿಸಲು ಭಾಷಣಕಾರರು ಮೂವರ ಮಾತುಗಳನ್ನು ಸಾಲಾಗಿ ಇಡುತ್ತಾರೆ. ಮಾರ್ಕ್ಸ್‌ವಾದಿ ಅರ್ನ್ಸ್ಟ್ ಬ್ಲಾಖ್ ಒಬ್ಬ, ಫೆಯರಾಬೆಂಡ್ ಇನ್ನೊಬ್ಬ. ಮೂರನೆಯವರು ಭೌತವಿಜ್ಞಾನಿ ಫಾನ್ ವೈಟ್ಸೆಕರ್. ಅವರಿಗೆ ಗೆಲಿಲಿಯೊನಿಂದ ಹೊರಟ ದಾರಿ ನೇರ ಅಣುಬಾಂಬಿಗೆ ಹೋದಂತೆ ಕಾಣುತ್ತದೆ. ಅದಾದ ಮೇಲೆ ರಾಟ್ಜಿಂಗರ್ ತಮ್ಮ ಮಾತು ಹೇಳುತ್ತಾರೆ: ಇಂಥ ಹೇಳಿಕೆಗಳನ್ನು ಹಿಡಿದುಕೊಂಡು ಚರ್ಚನ್ನು ಆತುರದಲ್ಲಿ ಸಮರ್ಥಿಸಹೊರಡುವುದು ಅಸಂಬದ್ಧ, ವೈಚಾರಿಕತೆಯನ್ನು ತಿರಸ್ಕರಿಸಿ ಶ್ರದ್ಧೆ ಬೆಳೆಯುವುದಿಲ್ಲ. ಪತ್ರದಲ್ಲಿ ಬಿಟ್ಟುಹೋದದ್ದು ಇದೇ ಭಾಗ.

ಫೆಯರಾಬೆಂಡ್ ಚರ್ಚಿನ ವಕೀಲನೇನಲ್ಲ. 1924ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಅಮೆರಿಕದ ಬರ್ಕ್ಲಿಯಲ್ಲಿ ಪಾಠ ಹೇಳಿದವನು. ವಿಜ್ಞಾನಕ್ಕೆ ಒಂದೇ ಒಂದು ಸಿದ್ಧ ವಿಧಾನವಿದೆ ಎಂಬ ನಂಬಿಕೆಯನ್ನು ಕೆಣಕಲೆಂದೇ 1975ರಲ್ಲಿ ಪುಸ್ತಕ ಪ್ರಕಟಿಸಿದವನು. ಅವನ ವಾದದಲ್ಲಿ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ಅಂಶ ಉಂಟು. ಗೆಲಿಲಿಯೊನ ಕೈಯಲ್ಲಿ ಭೂಮಿಯ ಚಲನೆಗೆ ಕಡೆಯ ಪುರಾವೆ ಇರಲಿಲ್ಲ. ಸಮುದ್ರದ ಉಬ್ಬರವಿಳಿತವೇ ಪುರಾವೆ ಎಂದು ಅವನು ಸಾಧಿಸಹೊರಟ. ಆ ವಾದ ತಪ್ಪಾಗಿತ್ತು, ಉಬ್ಬರವಿಳಿತಕ್ಕೆ ಮುಖ್ಯ ಕಾರಣ ಚಂದ್ರನ ಆಕರ್ಷಣೆ. ಭೂಮಿ ಸುತ್ತುತ್ತಿದ್ದರೆ ಹತ್ತಿರದ ನಕ್ಷತ್ರಗಳು ವರ್ಷವಿಡೀ ತುಸು ಜಾಗ ಬದಲಿಸಿದಂತೆ ಕಾಣಬೇಕು. ಈ ಲಂಬನವನ್ನು ಬೆಸೆಲ್ ಅಳೆದು ಪ್ರಕಟಿಸಿದ್ದು 1838ರಲ್ಲಿ, ಗೆಲಿಲಿಯೊ ಸತ್ತು ಸುಮಾರು ಇನ್ನೂರು ವರ್ಷಗಳ ಮೇಲೆ. ಪಠ್ಯಪುಸ್ತಕಗಳು ಈ ಕಥೆಯನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ. ಹಾಗೆಂದು ಪುರಾವೆ ಸಾಲದು ಎಂಬ ಕಾರಣಕ್ಕೆ ಒಬ್ಬ ಮುದುಕನನ್ನು ಮನೆಯೊಳಗೆ ಕೂಡಿಹಾಕುವುದು ನ್ಯಾಯವಾಗುವುದಿಲ್ಲ. ಫೆಯರಾಬೆಂಡ್ ಇಲ್ಲಿ ಅತಿಗೆ ಹೋದ ಎನ್ನಲು ಅಡ್ಡಿಯಿಲ್ಲ.

ರಾಟ್ಜಿಂಗರ್ ಭಾಷಣವನ್ನೂ ಹಾಗೆಯೇ ಪ್ರಶ್ನಿಸಬಹುದು. ಅಷ್ಟು ಕಟುವಾದ ಮಾತನ್ನು ಎತ್ತಿ ಹೇಳಿದವರು ಅದು ಎಲ್ಲಿ ತಪ್ಪು ಎಂದೂ ವಿವರಿಸಬಹುದಿತ್ತಲ್ಲ ಎಂದು ಕೇಳಬಹುದು. ವಿಶ್ವವಿದ್ಯಾಲಯದ ಸಮಾರಂಭಕ್ಕೆ ಧರ್ಮಗುರು ಏಕೆ ಎಂಬ ಆಕ್ಷೇಪವೂ ಬೇರೆಯೇ ಇತ್ತು. ಅದನ್ನು ಎತ್ತುವ ಹಕ್ಕು ಪ್ರಾಧ್ಯಾಪಕರಿಗೆ ಇದ್ದೇ ಇತ್ತು. ಆದರೆ ಪ್ರಯೋಗದ ಅರ್ಧ ಅಂಕಿಗಳನ್ನು ಬಿಟ್ಟು ಫಲಿತಾಂಶ ಬರೆದ ವಿದ್ಯಾರ್ಥಿಯನ್ನು ಇದೇ ಪ್ರಾಧ್ಯಾಪಕರು ಪಾಸು ಮಾಡುತ್ತಿರಲಿಲ್ಲ. ಅದೇ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ, ಯಹೂದಿ ಮನೆತನದ ಜಾರ್ಜಿಯೊ ಇಸ್ರೇಲ್, ಆ ಭಾಷಣ ಗೆಲಿಲಿಯೊನ ವೈಚಾರಿಕತೆಯ ಪರವಾಗಿಯೇ ಇದೆ ಎಂದು ವ್ಯಾಟಿಕನ್ನಿನ ಪತ್ರಿಕೆಯಲ್ಲಿ ಬರೆದರು.

ಇದೇ ಪೋಪರಿಗೆ 2006ರ ಸೆಪ್ಟೆಂಬರಿನಲ್ಲೂ ಹೀಗೇ ಆಗಿತ್ತು. ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ಇಸ್ಲಾಂ ಕುರಿತು ಬೈಜಾಂಟಿಯಂನ ದೊರೆ ಎರಡನೆಯ ಮ್ಯಾನ್ಯುಯೆಲ್ ಆಡಿದ್ದ ಬಿರುಸಾದ ಮಾತನ್ನು ಅವರು ಉದ್ಧರಿಸಿದರು. ಅದು ಅವರದೇ ಮಾತೆಂದು ಲೋಕವೆಲ್ಲ ಹಬ್ಬಿತು. ಅದು ತಮ್ಮ ಅಭಿಪ್ರಾಯವಲ್ಲ ಎಂದು ಅವರು ಸ್ಪಷ್ಟಪಡಿಸಿ, ಅಚ್ಚಾದ ಪಾಠಕ್ಕೆ ಅಡಿಟಿಪ್ಪಣಿ ಸೇರಿಸಬೇಕಾಯಿತು. ಇದರಲ್ಲಿ ತಪ್ಪು ಕೇಳಿದವರದೊಂದೇ ಅಲ್ಲ. ಮಾತಿನ ಸೂಕ್ಷ್ಮ ಅರಿಯದೆ ಉದ್ಧರಿಸಿದವರದೂ ಪಾಲಿದೆ.

ಆಡದ ಮಾತೇ ತಲೆಗೆ ಕಟ್ಟಿಕೊಳ್ಳುವುದೂ ಉಂಟು. 2014ರಲ್ಲಿ, ನಾಯಿ ಸತ್ತು ಅಳುತ್ತಿದ್ದ ಬಾಲಕನಿಗೆ ಸ್ವರ್ಗದ ಬಾಗಿಲು ಪ್ರಾಣಿಗಳಿಗೂ ತೆರೆದಿದೆ ಎಂದು ಪೋಪ್ ಫ್ರಾನ್ಸಿಸ್ ಹೇಳಿದರೆಂಬ ಸುದ್ದಿ ಹರಡಿತು. ನ್ಯೂಯಾರ್ಕ್ ಟೈಮ್ಸ್ ಕೂಡ ಅಚ್ಚು ಹಾಕಿ, ಕೊನೆಗೆ ತಿದ್ದುಪಡಿ ಪ್ರಕಟಿಸಿತು. ಆ ಕಥೆಯನ್ನು ಮುಂಚೆ ಹೇಳುತ್ತಿದ್ದುದು, ದಶಕಗಳ ಹಿಂದೆ ತೀರಿಹೋದ ಪೋಪ್ ಆರನೆಯ ಪಾಲ್ ಹೆಸರಿನಲ್ಲಿ. ಹಿತವಾದ ಮಾತಾದ್ದರಿಂದ ಯಾರೂ ಪರೀಕ್ಷಿಸಲಿಲ್ಲ. ಸಿಟ್ಟು ಬರಿಸುವ ಮಾತನ್ನಾದರೂ ಒಬ್ಬಿಬ್ಬರು ಕೆದಕಿ ನೋಡುತ್ತಾರೆ.

ಮೊಬೈಲಿನಲ್ಲಿ ಫೋಟೊ ಸಮೇತ ಇಂಥ ಮಾತು ಬಂದರೆ ಮಕ್ಕಳು ಮನೆಯಲ್ಲೇ ಪರೀಕ್ಷಿಸಬಹುದು. ಯಾವ ದಿನ, ಯಾವ ಊರು ಎಂಬುದಿಲ್ಲದಿದ್ದರೆ ಅಲ್ಲೇ ಸಂಶಯಪಡಬೇಕು. ಇದ್ದರೆ ವ್ಯಾಟಿಕನ್ನಿನ ಜಾಲತಾಣದಲ್ಲಿ ಪೋಪ್‌ಗಳ ಭಾಷಣಗಳು ದಿನಾಂಕವಾರು ಇವೆ. ಹುಡುಕಿದ ಮೇಲೆ ಆ ಸಾಲಿನ ಹಿಂದಿನ ಪುಟವನ್ನೂ ಮುಂದಿನ ಪುಟವನ್ನೂ ಓದಿ, ಮಾತು ಯಾರ ಬಾಯಿಂದ ಬಂದದ್ದು ಎಂದು ನೋಡಿದರಾಯಿತು. 2008ರಲ್ಲಿ ಬೆನೆಡಿಕ್ಟ್ ತಾವೇ ಮಾಡಲಾಗದ ಭಾಷಣವೂ ಅಲ್ಲಿದೆ. ಜನವರಿ 17ರ ಸಮಾರಂಭದಲ್ಲಿ ಅದನ್ನು ಅವರ ಪರವಾಗಿ ಇನ್ನೊಬ್ಬರು ಓದಿದರು.